ಪೈಲಟ್ ಆಗಬೇಕು ಅಂದರೆ ಯಾವ ಕಾಲೇಜು, ಯಾವ ಡಿಗ್ರಿ? ಪಿಯುಸಿ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಒಂದು ಸಮಗ್ರ ಮಾರ್ಗದರ್ಶಿ

ಪಿಯುಸಿ ರಿಸಲ್ಟ್ ಬಂದ ವಾರ ಭಾವ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಮಗಳ ಮಾರ್ಕ್ಸ್ ಕಾರ್ಡು, ನಾಲ್ಕೈದು ಕಾಲೇಜುಗಳ ಬಣ್ಣಬಣ್ಣದ ಬ್ರೋಶರ್. ಚಹಾ ಮುಟ್ಟುವ ಮೊದಲೇ ಕೇಳಿದರು: "ಇವಳು ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಏರೋನಾಟಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕರೆ ಆಯ್ತಲ್ವಾ?"

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವನು. ಪ್ರತಿವರ್ಷ ಒಬ್ಬಿಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಅಲ್ಲಿಯವರೆಗೂ ಗೊತ್ತಿದ್ದಷ್ಟು ಹೇಳಿ ಕಳಿಸುತ್ತಿದ್ದೆ. ಅಕ್ಕನ ಮಗಳ ವಿಷಯ ಬಂದಾಗ ಅಷ್ಟು ಸಾಲಲಿಲ್ಲ. ಅವಳ ಜೊತೆ ನಾನೂ ಓಡಾಡಿದೆ, ಫಾರಂ ತುಂಬಿದೆ, ಫ್ಲೈಯಿಂಗ್ ಸ್ಕೂಲುಗಳಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರ್ ನೋಡಿದೆ. ಹಾಗೆ ಕಲಿತದ್ದನ್ನು ಯಾವ ಕ್ರಮದಲ್ಲಿ ಮಾಡಿದರೆ ದುಡ್ಡೂ ವರ್ಷಗಳೂ ಉಳಿಯುತ್ತವೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಲೈಸೆನ್ಸ್ ಬೇರೆ, ಡಿಗ್ರಿ ಬೇರೆ

ನಮ್ಮ ದೇಶದಲ್ಲಿ ವಿಮಾನ ಹಾರಿಸಿ ಸಂಬಳ ತೆಗೆದುಕೊಳ್ಳಬೇಕಾದರೆ ಬೇಕಾದದ್ದು ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಎಲ್ಲರೂ ಸಿಪಿಎಲ್ ಅನ್ನುತ್ತಾರೆ. ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಯಾವ ವಿಶ್ವವಿದ್ಯಾಲಯವೂ ಅದನ್ನು ಕೊಡುವುದಿಲ್ಲ. ಸಿಪಿಎಲ್‌ಗೆ 18 ವರ್ಷ ತುಂಬಿರಬೇಕು, ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು, ಕ್ಲಾಸ್ 1 ಮೆಡಿಕಲ್ ಇರಬೇಕು, ಡಿಜಿಸಿಎ ಪರೀಕ್ಷೆಗಳು ಮುಗಿದಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಈ ಪಟ್ಟಿಯಲ್ಲಿ ಡಿಗ್ರಿ ಇಲ್ಲ.

ಭಾವನಿಗೆ ಇದನ್ನು ನಂಬಿಸುವುದೇ ಕಷ್ಟವಾಯಿತು. "ಡಿಗ್ರಿ ಇಲ್ದೆ ಅಷ್ಟು ದೊಡ್ಡ ವಿಮಾನ ಕೊಡ್ತಾರಾ?" ಅಂದರು. ಕೊಡುತ್ತಾರೆ, ಲೈಸೆನ್ಸ್ ಇದ್ದರೆ.

ಏರೋನಾಟಿಕಲ್ ಇಂಜಿನಿಯರಿಂಗ್ ಓದಿದವರು ವಿಮಾನ ವಿನ್ಯಾಸ ಮಾಡುತ್ತಾರೆ. ಎಎಂಇ, ಅಂದರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರಿಂಗ್ ಓದಿದವರು ವಿಮಾನ ರಿಪೇರಿ ಮಾಡಿ, ಹಾರಲು ಯೋಗ್ಯ ಅಂತ ಸಹಿ ಹಾಕುತ್ತಾರೆ. ಎರಡೂ ಒಳ್ಳೆಯ ಕೆಲಸ. ಆದರೆ ಎರಡೂ ಕಾಕ್‌ಪಿಟ್‌ಗೆ ಹೋಗುವ ದಾರಿಯಲ್ಲ. 'ಬಿಬಿಎ ಏವಿಯೇಷನ್', 'ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್' ಅನ್ನುವ ಕೋರ್ಸುಗಳು ವಿಮಾನ ನಿಲ್ದಾಣದ ಆಡಳಿತ, ಗ್ರೌಂಡ್ ಹ್ಯಾಂಡ್ಲಿಂಗ್, ಸರಕು ಸಾಗಣೆ ಕಡೆಯವು. ಬ್ರೋಶರ್ ಮೇಲೆ ಟೋಪಿ ಹಾಕಿಕೊಂಡ ಕ್ಯಾಪ್ಟನ್ ಫೋಟೋ ಇದ್ದ ಮಾತ್ರಕ್ಕೆ ಒಳಗಿನ ಕೋರ್ಸು ಪೈಲಟ್ ಕೋರ್ಸು ಆಗುವುದಿಲ್ಲ.

ಹಾಗಾದರೆ ಡಿಗ್ರಿ ಬೇಡವೇ? ಬೇಕು ಅಂತಲೇ ನಾನು ಹೇಳುವುದು. ಯಾಕೆ ಅನ್ನುವುದು ಐದನೇ ಹೆಜ್ಜೆಯಲ್ಲಿ ಬರುತ್ತದೆ. ಅದಕ್ಕೂ ಮೊದಲು ಮಾಡಲೇಬೇಕಾದ ಕೆಲಸಗಳಿವೆ.

ಹೆಜ್ಜೆ 2: ಕಾಲೇಜಿಗೆ ಫೀಸು ಕಟ್ಟುವ ಮೊದಲು ಡಾಕ್ಟರ್ ಹತ್ತಿರ ಹೋಗಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊದಲು ಮೆಡಿಕಲ್. ಲಕ್ಷಗಟ್ಟಲೆ ಕಟ್ಟಿ, ಹಾಸ್ಟೆಲ್ ಸೇರಿದ ಮೇಲೆ ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದೆ ಅಂತ ಗೊತ್ತಾದ ಹುಡುಗರಿದ್ದಾರೆ. ಅದಕ್ಕೆ ಚಿಕಿತ್ಸೆ ಇಲ್ಲ.

ಮೆಡಿಕಲ್‌ನಲ್ಲಿ ಎರಡು ಹಂತ. ಮೊದಲು ಕ್ಲಾಸ್ 2. ಇದನ್ನು ಮಾಡುವ, ಡಿಜಿಸಿಎ ಒಪ್ಪಿದ ಡಾಕ್ಟರುಗಳ ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲಿದೆ. ಬೆಂಗಳೂರಿನಲ್ಲೂ ಇದ್ದಾರೆ. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ಅದಾದ ಮೇಲೆ ಕ್ಲಾಸ್ 1. ಇದು ಜಾಸ್ತಿ ಕಟ್ಟುನಿಟ್ಟು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಈ ಪರೀಕ್ಷೆಗೆ ದೇಶದಲ್ಲೇ ಹೆಸರಾದ ಜಾಗ. ನಮ್ಮ ರಾಜ್ಯದ ಮಕ್ಕಳಿಗೆ ಇದೊಂದು ಅನುಕೂಲ.

ಕನ್ನಡಕ ಇದ್ದರೆ ಪೈಲಟ್ ಆಗಲು ಆಗುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. ನಾಗರಿಕ ವಿಮಾನಯಾನದಲ್ಲಿ ಕನ್ನಡಕ ಹಾಕಿಕೊಂಡಾಗ ದೃಷ್ಟಿ ಬೇಕಾದ ಮಟ್ಟಕ್ಕೆ ಬಂದರೆ ಸಾಕು. ವಾಯುಪಡೆಯ ನಿಯಮ ಬೇರೆ, ಅಲ್ಲಿ ಬಿಗಿ ಜಾಸ್ತಿ.

ನಮ್ಮ ಹುಡುಗಿ ಕ್ಲಾಸ್ 2 ಸಲೀಸಾಗಿ ಪಾಸಾದಳು. ಬಣ್ಣದ ಚುಕ್ಕೆಗಳ ಆ ಇಶಿಹಾರ ಪುಸ್ತಕವನ್ನು ಡಾಕ್ಟರ್ ಒಂದೊಂದೇ ಹಾಳೆ ತಿರುವುತ್ತಿದ್ದರೆ, ಅವಳು ಹಾಳೆ ಪೂರ್ತಿ ತೆರೆಯುವ ಮೊದಲೇ ಅಂಕಿ ಹೇಳುತ್ತಿದ್ದಳು. ಆದರೆ ಕ್ಲಾಸ್ 1ರಲ್ಲಿ ಹಿಮೋಗ್ಲೋಬಿನ್ ಕಡಿಮೆ ಅಂತ 'ತಾತ್ಕಾಲಿಕ ಅನ್‌ಫಿಟ್' ಬರೆದರು. ಅವತ್ತು ರಾತ್ರಿ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವಳು ಊರು ಬರುವವರೆಗೂ ಮಾತಾಡಲಿಲ್ಲ. ತಾತ್ಕಾಲಿಕ ಅಂದರೆ ಸರಿಮಾಡಿಕೊಂಡು ಬನ್ನಿ ಅಂತಲೇ ಅರ್ಥ. ಅಕ್ಕ ದಿನಾ ನುಗ್ಗೆಸೊಪ್ಪು, ಹುರುಳಿ, ಖರ್ಜೂರ ಅಂತ ಹಿಂದೆ ಬಿದ್ದಳು. ಡಾಕ್ಟರ್ ಕೊಟ್ಟ ಮಾತ್ರೆ ತಪ್ಪಿಸಲಿಲ್ಲ. ಮೂರು ತಿಂಗಳ ನಂತರ ಮತ್ತೆ ಹೋದಾಗ ಫಿಟ್ ಆಯಿತು. ಹೆಣ್ಣುಮಕ್ಕಳಿರುವ ಮನೆಯವರು ಮೆಡಿಕಲ್‌ಗೆ ಹೋಗುವ ಮೊದಲೇ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಈ ಓಡಾಟ ತಪ್ಪುತ್ತದೆ.

ಹೆಜ್ಜೆ 3: ಪಿಯುಸಿ ಕಾಂಬಿನೇಷನ್, ಮತ್ತೆ ಇನಿಷಿಯಲ್ ಸಮಸ್ಯೆ

ಹತ್ತನೇ ತರಗತಿ ಮುಗಿಸಿದವರಿಗೆ ಉತ್ತರ ಸುಲಭ. ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ ಯಾವುದಾದರೂ ಸರಿ. ಫಿಸಿಕ್ಸ್, ಮ್ಯಾಥ್ಸ್ ಇದ್ದರೆ ಸಾಕು. ಬರೀ ಪಾಸಾದರೆ ಲೈಸೆನ್ಸಿಗೆ ಸಾಕಾಗುತ್ತದೆ. ಆದರೆ ಒಳ್ಳೆಯ ಅಕಾಡೆಮಿಗಳೂ ಏರ್‌ಲೈನುಗಳ ಕೆಡೆಟ್ ಕಾರ್ಯಕ್ರಮಗಳೂ (ಏರ್‌ಲೈನೇ ಮೊದಲು ಆಯ್ಕೆ ಮಾಡಿ ತರಬೇತಿಗೆ ಕಳಿಸುವಂಥವು) ಈ ಎರಡು ವಿಷಯಗಳಲ್ಲಿ ಕನಿಷ್ಠ ಇಷ್ಟು ಅಂಕ ಇರಲೇಬೇಕು ಅಂತ ಕೇಳುತ್ತವೆ. ಐವತ್ತರ ಮೇಲೆ ಆರಾಮಾಗಿ ಇರುವಂತೆ ನೋಡಿಕೊಳ್ಳಿ.

ಕಾಮರ್ಸ್ ಅಥವಾ ಆರ್ಟ್ಸ್ ಓದಿಬಿಟ್ಟವರಿಗೂ ದಾರಿ ಇದೆ. ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡನ್ನೇ ಕಟ್ಟಿ ಪಾಸಾಗಬಹುದು. ಹೀಗೆ ಬಂದು ಇವತ್ತು ಹಾರುತ್ತಿರುವವರು ಬೇಕಾದಷ್ಟು ಮಂದಿ. ಈ ನಿಯಮ ಬದಲಾಗುತ್ತದೆ ಅನ್ನುವ ಸುದ್ದಿ ಆಗಾಗ ಬರುತ್ತದೆ. ಸುದ್ದಿ ನಂಬಿಕೊಂಡು ಕೂರುವುದಕ್ಕಿಂತ ಎರಡು ಪೇಪರ್ ಬರೆದುಬಿಡುವುದು ಒಳ್ಳೆಯದು.

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಹೆಚ್ಚು ಕಾಡುವಂಥದ್ದು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ 'ಕೆ. ಎಸ್.' ಅಂತ ಇನಿಷಿಯಲ್ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಮುಂದೆ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ಡಿಜಿಸಿಎ ಪರೀಕ್ಷೆ ಬರೆಯಲು ಮೊದಲು 'ಕಂಪ್ಯೂಟರ್ ನಂಬರ್' ತೆಗೆದುಕೊಳ್ಳಬೇಕು. ಅದಕ್ಕೆ ಮಾರ್ಕ್ಸ್ ಕಾರ್ಡುಗಳನ್ನು ಕೊಡಬೇಕು, ಬೋರ್ಡಿನಿಂದ ಪರಿಶೀಲನೆಯೂ ಆಗಬೇಕು. ಹೆಸರು ಒಂದೊಂದು ಕಡೆ ಒಂದೊಂದು ಥರ ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಪಿಯುಸಿ ಓದುತ್ತಿರುವಾಗಲೇ ಎಲ್ಲ ದಾಖಲೆಗಳಲ್ಲಿ ಒಂದೇ ಹೆಸರು ಮಾಡಿಸಿಕೊಳ್ಳಿ.

ಹೆಜ್ಜೆ 4: ವಾಯುಪಡೆಯೋ, ಏರ್‌ಲೈನೋ?

ಡಿಗ್ರಿಯ ಪ್ರಶ್ನೆ ಇಲ್ಲಿಂದ ಎರಡು ಟಿಸಿಲಾಗುತ್ತದೆ. ಏರ್‌ಲೈನಿಗೆ ಡಿಗ್ರಿ ಕಡ್ಡಾಯವಲ್ಲ. ವಾಯುಪಡೆಗೆ ಡಿಗ್ರಿ ಮುಗಿಸಿ ಹೋಗುವುದಾದರೆ ಆ ಡಿಗ್ರಿಯೇ ಬಾಗಿಲು.

ಪಿಯುಸಿ ಆದ ಕೂಡಲೇ ಹೋಗುವುದಾದರೆ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ವರ್ಷಕ್ಕೆ ಎರಡು ಸಲ ಯುಪಿಎಸ್‌ಸಿ ಪರೀಕ್ಷೆ ನಡೆಸುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ. 2022ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಅಲ್ಲೇ ಡಿಗ್ರಿಯೂ ಸಿಗುತ್ತದೆ. ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ಏರ್‌ಫೋರ್ಸ್ ಅಕಾಡೆಮಿ. ಮನೆಯವರು ತರಬೇತಿಗೆ ದುಡ್ಡು ಕಟ್ಟಬೇಕಿಲ್ಲ. ನಮ್ಮ ಬೀದರ್ ವಾಯುನೆಲೆಯಲ್ಲಿ ಹಾಕ್ ವಿಮಾನಗಳ ಮೇಲೆ ತರಬೇತಿ ಪಡೆದು ಯುದ್ಧವಿಮಾನಗಳಿಗೆ ಹೋದವರು ಎಷ್ಟೋ ಜನ.

ಡಿಗ್ರಿ ಆದ ಮೇಲೆ ಹೋಗುವುದಾದರೆ ಎಎಫ್‌ಕ್ಯಾಟ್, ಅಂದರೆ ವಾಯುಪಡೆಯೇ ನಡೆಸುವ ಪ್ರವೇಶ ಪರೀಕ್ಷೆ. ಹಾರಾಟ ವಿಭಾಗಕ್ಕೆ ಯಾವುದೇ ವಿಷಯದ ಡಿಗ್ರಿ ಆಗುತ್ತದೆ, ಆದರೆ ಶೇ. 60 ಅಂಕ ಬೇಕು. ಜೊತೆಗೆ ಪಿಯುಸಿಯ ಫಿಸಿಕ್ಸ್, ಮ್ಯಾಥ್ಸ್‌ನಲ್ಲಿ ತಲಾ ಶೇ. 50. ವಯಸ್ಸು 20ರಿಂದ 24. ಸಿಪಿಎಲ್ ಇದ್ದವರಿಗೆ 26ರವರೆಗೆ ಅವಕಾಶ. ಅಂದರೆ ವಾಯುಪಡೆ ಮನಸ್ಸಿನಲ್ಲಿರುವವರು ಡಿಗ್ರಿಯನ್ನು ಎಲ್ಲಿ ಓದಿದರೂ ಅರವತ್ತಕ್ಕಿಂತ ಕೆಳಗೆ ಇಳಿಯಬಾರದು. ಕಷ್ಟದ ಕೋರ್ಸು ತೆಗೆದುಕೊಂಡು 57ರಲ್ಲಿ ಮುಗಿಸಿದರೆ ಆ ಬಾಗಿಲು ಮುಚ್ಚಿತು. ಇದನ್ನು ಕಾಲೇಜು ಆರಿಸುವ ದಿನವೇ ಲೆಕ್ಕ ಹಾಕಬೇಕು.

ಆಯ್ಕೆಯ ಸಂದರ್ಶನ ನಡೆಯುವ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಅಲ್ಲಿ ಪೈಲಟ್‌ಗಳಿಗಾಗಿಯೇ ಇರುವ ಕಂಪ್ಯೂಟರ್ ಪರೀಕ್ಷೆಯನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು, ಫೇಲಾದರೆ ಮತ್ತೆ ಅವಕಾಶ ಇಲ್ಲ. ಆದ್ದರಿಂದ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಬೇಡಿ.

ಹೆಜ್ಜೆ 5: ಡಿಗ್ರಿ ಆರಿಸುವುದು ನೆಲದ ಮೇಲಿನ ದಿನಗಳಿಗಾಗಿ

ಏರ್‌ಲೈನ್ ದಾರಿ ಹಿಡಿದವರಿಗೆ ಡಿಗ್ರಿ ಯಾಕೆ ಬೇಕು? ಪೈಲಟ್ ಕೆಲಸ ಪೈಲಟ್‌ನ ಕೈಯಲ್ಲಿ ಪೂರ್ತಿ ಇರುವುದಿಲ್ಲ, ಅದಕ್ಕೆ.

ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ನಡುವೆ 2020ರ ಮಾರ್ಚ್ 25ರಿಂದ ಮೇ 25ರವರೆಗೆ ದೇಶದೊಳಗೆ ಪ್ರಯಾಣಿಕರ ವಿಮಾನ ಸಂಚಾರವೇ ಇರಲಿಲ್ಲ. ಒಂದೊಂದು ಸಲವೂ ಸಾವಿರಾರು ಗಂಟೆ ಹಾರಿದವರು ಮನೆಯಲ್ಲಿ ಕೂತರು. ಇದು ಹೊರಗಿನ ಕಾರಣ. ಒಳಗಿನದು ಆರೋಗ್ಯ. ಕ್ಲಾಸ್ 1 ಮೆಡಿಕಲ್ ನಲವತ್ತು ವರ್ಷದೊಳಗಿನವರಿಗೆ ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಒಂದು ಸಕ್ಕರೆ ಕಾಯಿಲೆ, ಒಂದು ಬೆನ್ನುಹುರಿ ತೊಂದರೆ ಬಂದರೆ ತಿಂಗಳುಗಟ್ಟಲೆ ಹಾರುವಂತಿಲ್ಲ.

ಇಂಥ ದಿನ ಬಂದಾಗ ಕೈಯಲ್ಲಿ ಬರೀ ಪಿಯುಸಿ ಸರ್ಟಿಫಿಕೇಟು, ತಲೆಯ ಮೇಲೆ ಸಾಲ ಇದ್ದರೆ ಹೇಗೆ? ಅದಕ್ಕೇ ನಾನು ಮಕ್ಕಳಿಗೆ ಹೇಳುವುದು: ವಿಮಾನ ಇಲ್ಲದೆ ಹೋದರೂ ನಿನಗೆ ಇಷ್ಟವಾಗುವ, ಕೆಲಸ ಕೊಡುವ ವಿಷಯ ಯಾವುದು? ಅದನ್ನೇ ಡಿಗ್ರಿಯಾಗಿ ಓದು. ಕಂಪ್ಯೂಟರ್ ಇಷ್ಟವೇ, ಬಿಸಿಎ. ಲೆಕ್ಕಪತ್ರ ಇಷ್ಟವೇ, ಬಿಕಾಂ. ವಿಮಾನದ ಎರಡು ಕೆಲಸ ಒಂದೇ ಬುಟ್ಟಿಯಲ್ಲಿ ಇಡಬೇಡ. ಏರ್‌ಲೈನ್ ಉದ್ಯಮ ಮಲಗಿದಾಗ ಬಿಬಿಎ ಏವಿಯೇಷನ್ ಓದಿದವರಿಗೂ ಅದೇ ದಿನ ಕೆಲಸ ಇರುವುದಿಲ್ಲ.

ಈಗ ಒಂದೊಂದಾಗಿ ನೋಡೋಣ.

ಬಿಎಸ್ಸಿ, ಫಿಸಿಕ್ಸ್ ಮ್ಯಾಥ್ಸ್ ಇರುವಂಥದ್ದು. ನನ್ನ ಮೊದಲ ಆಯ್ಕೆ ಇದೇ. ಫಿಸಿಕ್ಸ್ ಮೇಷ್ಟ್ರು ಬೇರೇನು ಹೇಳಿಯಾರು ಅನ್ನಬೇಡಿ, ಕಾರಣ ಇದೆ. 2024ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆ, ಉಳಿದ ದುಡ್ಡು ಹಾರಾಟಕ್ಕೆ ಆಗುತ್ತದೆ. ಡಿಜಿಸಿಎ ಪರೀಕ್ಷೆಯ ವೆಕ್ಟರ್, ಗಾಳಿಯ ತ್ರಿಕೋನ, ವಾತಾವರಣದ ಒತ್ತಡ, ಲಿಫ್ಟ್, ಡ್ರ್ಯಾಗ್ ಎಲ್ಲದಕ್ಕೂ ಬುನಾದಿ ಸಿಗುತ್ತದೆ. ಮಧ್ಯಾಹ್ನದ ನಂತರ ಸಮಯವೂ ಸಿಗುತ್ತದೆ.

ಬಿಇ. ನಾಲ್ಕು ವರ್ಷ, ವಿಟಿಯು ಕಾಲೇಜುಗಳಲ್ಲಿ ಶೇ. 85 ಹಾಜರಾತಿ. ಇದರ ಜೊತೆಗೆ ಹಾರಾಟ ಆಗುವ ಮಾತಲ್ಲ. ಮೊದಲು ಬಿಇ ಮುಗಿಸಿ, ಒಂದೆರಡು ವರ್ಷ ದುಡಿದು, ಸ್ವಲ್ಪ ದುಡ್ಡು ಕೂಡಿಸಿ ಸಿಪಿಎಲ್‌ಗೆ ಹೋಗುವುದಾದರೆ ಒಳ್ಳೆಯ ಯೋಜನೆ. ಮನೆಯಲ್ಲಿ ದುಡ್ಡಿನ ಅನುಕೂಲ ಕಡಿಮೆ ಇದ್ದವರಿಗೆ ಇದೇ ಗಟ್ಟಿಯಾದ ದಾರಿ. ಏರೋನಾಟಿಕಲ್ ಶಾಖೆಯನ್ನು ಇಷ್ಟಪಟ್ಟು ಓದುವುದಾದರೆ ಓದಿ, ಪೈಲಟ್ ಆಗಲಿಕ್ಕೆ ಅಂತ ಓದಬೇಡಿ.

ದೂರಶಿಕ್ಷಣ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಗ್ನೋದಲ್ಲಿ ಹೆಸರು ಹಚ್ಚಿಸಿ, ಜೊತೆಗೇ ಫ್ಲೈಯಿಂಗ್ ಸ್ಕೂಲ್ ಸೇರುವುದು. 18 ತುಂಬಿದ ಕೂಡಲೇ ಹಾರಲು ಹೊರಡುವವರಿಗೆ ಇದು ಹೊಂದುತ್ತದೆ. ಮೋಡ ಮುಚ್ಚಿ ಹಾರಾಟ ಇಲ್ಲದ ದಿನಗಳಲ್ಲಿ ಓದಲು ಏನಾದರೂ ಇರುತ್ತದೆ. ಆದರೆ ಶಿಸ್ತು ಬೇಕು. ಅಸೈನ್‌ಮೆಂಟ್ ಬಾಕಿ ಉಳಿಸಿಕೊಂಡು ಆರು ವರ್ಷ ಎಳೆಯುವವರೂ ಇದ್ದಾರೆ.

ಬಿಎಸ್ಸಿ ಏವಿಯೇಷನ್. ಇಲ್ಲಿ ನಿಂತು ನೋಡಬೇಕು. ಕೆಲವು ಕಾಲೇಜುಗಳು ಫ್ಲೈಯಿಂಗ್ ಸ್ಕೂಲಿನ ಜೊತೆ ಒಪ್ಪಂದ ಮಾಡಿಕೊಂಡು ಡಿಗ್ರಿ, ಸಿಪಿಎಲ್ ಎರಡನ್ನೂ ಒಟ್ಟಿಗೆ ಕೊಡಿಸುತ್ತವೆ. ಕೆಲವು ಬರೀ ತರಗತಿ ಪಾಠ ಮಾಡಿ, ಹಾರಾಟಕ್ಕೆ 'ಬೇರೆ ಫೀಸು' ಅನ್ನುತ್ತವೆ. ಸೇರುವ ಮೊದಲು ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೇಳಿ. ಹಾರಾಟ ಯಾವ ಸಂಸ್ಥೆಯಲ್ಲಿ ನಡೆಯುತ್ತದೆ, ಆ ಹೆಸರು ಡಿಜಿಸಿಎ ಒಪ್ಪಿದ ಪಟ್ಟಿಯಲ್ಲಿ ಇದೆಯೇ? 200 ಗಂಟೆಯ ಖರ್ಚು ಹೇಳಿದ ಫೀಸಿನಲ್ಲಿ ಸೇರಿದೆಯೇ? ಡಿಗ್ರಿ ಕೊಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ? ಹಾರಾಟ ಅರ್ಧಕ್ಕೆ ನಿಂತರೆ ಡಿಗ್ರಿ ಮುಂದುವರಿಯುತ್ತದೆಯೇ? ಬಾಯಿಮಾತಿನ ಉತ್ತರ ಲೆಕ್ಕಕ್ಕಿಲ್ಲ.

ಹೆಜ್ಜೆ 6: ನಿಜವಾದ 'ಕಾಲೇಜು' ಅಂದರೆ ಫ್ಲೈಯಿಂಗ್ ಸ್ಕೂಲ್

ಜನ ಡಿಗ್ರಿ ಕಾಲೇಜಿಗೆ ತಿಂಗಳುಗಟ್ಟಲೆ ಹುಡುಕುತ್ತಾರೆ. ಐವತ್ತು ಲಕ್ಷದ ಆಸುಪಾಸು ಕಟ್ಟುವ ಫ್ಲೈಯಿಂಗ್ ಸ್ಕೂಲನ್ನು ಒಂದು ಫೋನಿನಲ್ಲಿ ತೀರ್ಮಾನ ಮಾಡುತ್ತಾರೆ. ಇದು ಉಲ್ಟಾ ಆಗಬೇಕು.

ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ. ಪ್ರವೇಶ ಪರೀಕ್ಷೆ ಬರೆದು ಹೋಗಬೇಕು. ಮಹಾರಾಷ್ಟ್ರದ ಗೊಂದಿಯಾದಲ್ಲಿ ನ್ಯಾಷನಲ್ ಫ್ಲೈಯಿಂಗ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಇದೆ. ನಮ್ಮಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ಮೈಸೂರಿನ ಮಂಡಕಳ್ಳಿಯಲ್ಲೂ ತರಬೇತಿ ನಡೆಯುತ್ತದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ತರಬೇತಿ ಶಾಲೆಗಳಿಗಾಗಿ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಎರಡು ನಮ್ಮವೇ, ಬೆಳಗಾವಿ ಮತ್ತು ಕಲಬುರಗಿ. ಊರು ಆರಿಸುವಾಗ ಹವಾಮಾನವನ್ನೂ ನೋಡಿ. ಉತ್ತರದಲ್ಲಿ ಡಿಸೆಂಬರ್, ಜನವರಿಯ ಮಂಜು, ನಮ್ಮಲ್ಲಿ ಜುಲೈಯ ಕೆಳಮೋಡ. ಎಲ್ಲ ಕಡೆಯೂ ಒಂದೆರಡು ತಿಂಗಳು ಕೈತಪ್ಪುತ್ತದೆ.

2025ರಿಂದ ಡಿಜಿಸಿಎ ಫ್ಲೈಯಿಂಗ್ ಸ್ಕೂಲುಗಳಿಗೆ ವರ್ಷಕ್ಕೆ ಎರಡು ಸಲ ದರ್ಜೆ ಕೊಡಲು ಶುರುಮಾಡಿದೆ. ಎ ಪ್ಲಸ್ ಪ್ಲಸ್‌ನಿಂದ ಸಿವರೆಗೆ. ಅದನ್ನು ಮೊದಲು ನೋಡಿ. ಆಮೇಲೆ ಕಣ್ಣಾರೆ ನೋಡಲು ಹೋಗಿ.

ನಾವು ಒಂದು ಕಡೆ ಹೋಗಿದ್ದೆವು. ಹೆಸರು ಬೇಡ. ಬ್ರೋಶರಿನಲ್ಲಿ ಹತ್ತು ವಿಮಾನ. ಆಫೀಸಿನಲ್ಲಿ ಏಸಿ, ಕಾಫಿ, ಸೋಫಾ. "ಹ್ಯಾಂಗರ್ ನೋಡಬಹುದಾ?" ಅಂದೆ. ಸ್ವಲ್ಪ ಹೊತ್ತು ಕಾಯಿಸಿ ಕರೆದುಕೊಂಡು ಹೋದರು. ಒಂದು ಸೆಸ್ನಾ ವಿಮಾನದ ಮೂತಿಯಲ್ಲಿ ಇಂಜಿನ್ನೇ ಇರಲಿಲ್ಲ, ತಂತಿಗಳನ್ನು ಟೇಪು ಸುತ್ತಿ ಕಟ್ಟಿದ್ದರು. ಇನ್ನೊಂದರ ಮುಂದಿನ ಚಕ್ರದ ಗಾಳಿ ಇಳಿದು ಟೈರು ನೆಲಕ್ಕೆ ಅಂಟಿಕೊಂಡಿತ್ತು. ಮೂರನೆಯದರ ರೆಕ್ಕೆಯ ಮೇಲಿನ ಧೂಳಿನಲ್ಲಿ ಯಾರೋ ಬೆರಳಿನಿಂದ ಹೆಸರು ಬರೆದಿದ್ದರು. ಹೊರಗೆ ಬಿಸಿಲಿನಲ್ಲಿ ಹಾರಲು ತಯಾರಾಗಿ ನಿಂತದ್ದು ಮೂರೇ. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹುಡುಗನನ್ನು ಮಾತಾಡಿಸಿದೆ, ಧಾರವಾಡದವನು. "ಮೂರು ತಿಂಗಳಾತ್ರಿ ಸರ್, ಹನ್ನೊಂದ್ ತಾಸ್ ಆಗೇದ" ಅಂದ. ನಮ್ಮ ಹುಡುಗಿ ನನ್ನ ಅಂಗಿ ತೋಳು ಎಳೆದು "ಮಾಮ, ಹೋಗೋಣ" ಅಂದಳು.

ಆವತ್ತಿನಿಂದ ನಾನು ಎಲ್ಲರಿಗೂ ಒಂದು ಲೆಕ್ಕ ಹೇಳಿಕೊಡುತ್ತೇನೆ. ಒಂದು ಶಾಲೆಯಲ್ಲಿ 60 ವಿದ್ಯಾರ್ಥಿಗಳು. ಒಬ್ಬರಿಗೆ 200 ಗಂಟೆಯಂತೆ 12,000 ಗಂಟೆ. ಹಾರುವ ಸ್ಥಿತಿಯಲ್ಲಿರುವ ವಿಮಾನ 6 ಅಂದುಕೊಳ್ಳಿ. ಒಂದೊಂದೂ 2,000 ಗಂಟೆ ಹಾರಬೇಕು. ಹದಿನೆಂಟು ತಿಂಗಳಲ್ಲಿ ಮುಗಿಸುತ್ತೇವೆ ಅಂತ ಅವರು ಹೇಳುತ್ತಾರೆ. ಮಳೆ, ಮಂಜು, ಗಾಳಿ ಕಳೆದು ತಿಂಗಳಿಗೆ 20 ದಿನ ಹಾರಲು ಸಿಕ್ಕಿದರೂ ಒಟ್ಟು 360 ದಿನ. ಪ್ರತಿ ವಿಮಾನವೂ ಆ ಪ್ರತಿದಿನ ಐದೂವರೆ ಗಂಟೆ ಹಾರಬೇಕು. ನಡುವೆ ಗಂಟೆಗಳ ಲೆಕ್ಕದಲ್ಲಿ ಬರುವ ಕಡ್ಡಾಯ ತಪಾಸಣೆಗೆ ವಿಮಾನ ನಿಲ್ಲಿಸಬೇಕು. ಹೇಳಿದಷ್ಟು ತಿಂಗಳಿಗೆ ಮುಗಿಯುತ್ತದೋ ಇಲ್ಲವೋ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಹಾಗಾಗಿ ಕೇಳಬೇಕಾದ್ದು ವಿಮಾನ ಎಷ್ಟಿವೆ ಅಂತಲ್ಲ. ಇವತ್ತು ಎಷ್ಟು ಹಾರುತ್ತಿವೆ, ವಿದ್ಯಾರ್ಥಿಗಳು ಎಷ್ಟು, ಇನ್‌ಸ್ಟ್ರಕ್ಟರ್ ಎಷ್ಟು, ಹೋದ ತಿಂಗಳು ಶಾಲೆ ಒಟ್ಟು ಎಷ್ಟು ಗಂಟೆ ಹಾರಿಸಿತು, ಕೊನೆಯ ಬ್ಯಾಚಿನವರಿಗೆ ಎಷ್ಟು ತಿಂಗಳು ಹಿಡಿಯಿತು.

ಇನ್ನೂ ಕೆಲವು. ರಾತ್ರಿ ಇಳಿಯಲು ರನ್‌ವೇ ದೀಪ ಅಲ್ಲೇ ಇದೆಯೇ? ಸಿಪಿಎಲ್‌ಗೆ 5 ಗಂಟೆ ರಾತ್ರಿ ಹಾರಾಟ ಬೇಕು. ಎರಡು ಇಂಜಿನ್ನಿನ ವಿಮಾನ ಇದೆಯೇ, ಅಥವಾ ಅದಕ್ಕೆ ಬೇರೆ ಊರಿಗೆ ಕಳಿಸುತ್ತಾರೆಯೇ? ಇಂಧನದ ಬೆಲೆ ಏರಿದರೆ ಯಾರು ಕಟ್ಟಬೇಕು? ಬಿಟ್ಟು ಹೋದರೆ ಎಷ್ಟು ವಾಪಸ್? ಪೂರ್ತಿ ದುಡ್ಡನ್ನು ಒಂದೇ ಸಲ ಎಂದೂ ಕಟ್ಟಬೇಡಿ. 'ಈಗಲೇ ಕಟ್ಟಿದರೆ ರಿಯಾಯಿತಿ' ಅಂದರೂ ಬೇಡ. ಹಾರಿದಷ್ಟಕ್ಕೆ ಕಂತು ಕಂತಾಗಿ ಕಟ್ಟುವ ಒಪ್ಪಂದ ಮಾಡಿಕೊಳ್ಳಿ.

ಹೆಜ್ಜೆ 7: ದುಡ್ಡಿನ ಪೂರ್ತಿ ಲೆಕ್ಕ

ಸಿಪಿಎಲ್ ಬಂದ ದಿನ ಖರ್ಚು ಮುಗಿಯುವುದಿಲ್ಲ. ಏರ್‌ಬಸ್ ಎ320 ಅಥವಾ ಬೋಯಿಂಗ್ 737 ಹಾರಿಸಬೇಕಾದರೆ ಆ ವಿಮಾನಕ್ಕೇ ಬೇರೆ ತರಬೇತಿ, ಟೈಪ್ ರೇಟಿಂಗ್ ಅನ್ನುತ್ತಾರೆ. ಅದಕ್ಕೆ ಮತ್ತೆ ಹದಿನೈದು ಲಕ್ಷಕ್ಕೆ ಕಡಿಮೆ ಇಲ್ಲ. ಏರ್‌ಲೈನುಗಳ ಕೆಡೆಟ್ ಕಾರ್ಯಕ್ರಮಗಳಲ್ಲಿ ಎಲ್ಲ ಸೇರಿ ಕೋಟಿ ದಾಟುವುದೂ ಉಂಟು. ಅಲ್ಲಿ ಆಯ್ಕೆ ಮೊದಲೇ ಆಗಿರುತ್ತದೆ ಅನ್ನುವ ಸಮಾಧಾನ ಇದೆ. ಆದರೂ ಒಪ್ಪಂದದಲ್ಲಿ ಕೆಲಸದ ಬಗ್ಗೆ ಏನು ಬರೆದಿದೆ ಅಂತ ಒಬ್ಬ ವಕೀಲರಿಗೆ ತೋರಿಸಿ.

ಬ್ಯಾಂಕುಗಳು ಇಷ್ಟು ದೊಡ್ಡ ಸಾಲಕ್ಕೆ ಮನೆ ಅಥವಾ ಸೈಟು ಅಡಮಾನ ಕೇಳುತ್ತವೆ. ಲೈಸೆನ್ಸ್ ಬಂದ ಮರುದಿನವೇ ಕೆಲಸ ಸಿಗುತ್ತದೆ ಅಂದುಕೊಂಡು ಕಂತಿನ ಲೆಕ್ಕ ಹಾಕಬೇಡಿ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಎರಡು ವರ್ಷ ಆಗಿದೆ. ಭಾವ ತೋಟ ಅಡ ಇಡುತ್ತೇನೆ ಅಂದಾಗ ನಾನು ಹೇಳಿದ್ದು ಇಷ್ಟೇ: "ಎರಡು ವರ್ಷ ಅವಳಿಗೆ ಕೆಲಸ ಇಲ್ಲ ಅಂದುಕೊಳ್ಳಿ ಭಾವ. ಆಗಲೂ ಕಂತು ಕಟ್ಟೋಕೆ ಆಗುತ್ತೆ ಅಂದರೆ ಮಾತ್ರ ಸಹಿ ಹಾಕಿ." ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ಮಕ್ಕಳು ತಾಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಪೈಲಟ್ ತರಬೇತಿಗೆ ಯಾವ ನೆರವು ಇದೆ ಅಂತ ಖಂಡಿತ ವಿಚಾರಿಸಿ. ಎಷ್ಟೋ ಮನೆಗಳಿಗೆ ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ಹೆಜ್ಜೆ 8: ಡಿಗ್ರಿ ಓದುತ್ತಲೇ ಡಿಜಿಸಿಎ ಪರೀಕ್ಷೆ

ಏರ್ ನ್ಯಾವಿಗೇಷನ್, ಮೀಟಿಯರಾಲಜಿ, ಏರ್ ರೆಗ್ಯುಲೇಷನ್, ಟೆಕ್ನಿಕಲ್ ಪೇಪರುಗಳು. ಪಾಸಾಗಲು ಶೇ. 70 ಬೇಕು. ಜೊತೆಗೆ ರೇಡಿಯೋದಲ್ಲಿ ಮಾತಾಡಲು ಆರ್‌ಟಿಆರ್ ಪರೀಕ್ಷೆ. ಇವನ್ನು ಡಿಗ್ರಿಯ ಎರಡನೇ ವರ್ಷದಿಂದ ಮನೆಯಲ್ಲೇ ಓದಿ ಬರೆಯಬಹುದು. ಪೇಪರುಗಳು ಮುಗಿದಿದ್ದರೆ ಫ್ಲೈಯಿಂಗ್ ಸ್ಕೂಲಿನಲ್ಲಿ ಬರೀ ಹಾರಾಟದ ಮೇಲೆ ಗಮನ ಇಡಬಹುದು. ಆದರೆ ತುಂಬಾ ಮೊದಲೇ ಬರೆದಿಡಬೇಡಿ, ಫಲಿತಾಂಶಕ್ಕೂ ಹಾರಿದ ಗಂಟೆಗಳಿಗೂ ಕಾಲಮಿತಿ ಇದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ನೆನೆದು ಹಿಂಜರಿಯುತ್ತಾರೆ. ಪರೀಕ್ಷೆಗಳು ಇಂಗ್ಲಿಷಿನಲ್ಲೇ ಇರುತ್ತವೆ, ಭಾಷಾ ಪರೀಕ್ಷೆಯಲ್ಲಿ ಕನಿಷ್ಠ ನಾಲ್ಕನೇ ಮಟ್ಟವೂ ಬೇಕು. ಆದರೆ ಅಲ್ಲಿ ಕೇಳುವುದು ಕಾನ್ವೆಂಟಿನ ಇಂಗ್ಲಿಷ್ ಅಲ್ಲ. ಸ್ಪಷ್ಟವಾಗಿ, ಚಿಕ್ಕದಾಗಿ, ತಪ್ಪು ಅರ್ಥ ಬರದಂತೆ ಹೇಳುವುದು. ರೇಡಿಯೋದ ಮಾತು ಅಳತೆ ಮಾಡಿಟ್ಟ ಮಾತು. ಆಲ್ಫಾ, ಬ್ರಾವೋ, ಚಾರ್ಲಿ ಅಂತ ಅಕ್ಷರ, ಕೇಳಿದ್ದನ್ನು ಹಾಗೇ ವಾಪಸ್ ಹೇಳುವುದು. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಅಭ್ಯಾಸ ಮಾಡಿದರೆ ಆರು ತಿಂಗಳಲ್ಲಿ ಬಾಯಿ ತಿರುಗುತ್ತದೆ. ನಮ್ಮ ಹುಡುಗಿ ಹಿತ್ತಿಲಿನಲ್ಲಿ ಬಟ್ಟೆ ಒಣಗಿಸುತ್ತಾ, ದಾರಿಯಲ್ಲಿ ಹೋಗುವ ಬೈಕುಗಳ ನಂಬರನ್ನೇ ಹೀಗೆ ಓದುತ್ತಿದ್ದಳು.

ಹೊರದೇಶದ ಮಾತು

ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ಲೆಕ್ಕ ಬೇರೆ. ಅಲ್ಲಿ ಏರ್‌ಲೈನಿಗೆ ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕು. ಒಪ್ಪಿಗೆ ಪಡೆದ ವಿಶ್ವವಿದ್ಯಾಲಯದಲ್ಲಿ ಏವಿಯೇಷನ್ ಪದವಿ ಓದಿ ಅಲ್ಲಿಯೇ ತರಬೇತಿ ಪಡೆದರೆ 1,000 ಗಂಟೆಗೆ ಇಳಿಯುತ್ತದೆ. ನಾರ್ತ್ ಡಕೋಟಾ, ಎಂಬ್ರಿ ರಿಡಲ್, ಪರ್ಡ್ಯೂ ಇದಕ್ಕೆ ಹೆಸರಾದವು. ಅಲ್ಲಿ ಏವಿಯೇಷನ್ ಡಿಗ್ರಿಗೆ ನಿಜವಾದ ಬೆಲೆ ಇದೆ. ಇಲ್ಲಿಂದ ಹೋಗಿ ಅಲ್ಲಿ ಲೈಸೆನ್ಸ್ ತಂದವರು ಮಾತ್ರ ಇಲ್ಲಿ ಹಾರಲು ಡಿಜಿಸಿಎ ಪರೀಕ್ಷೆ ಬರೆದು ಲೈಸೆನ್ಸ್ ಬದಲಾಯಿಸಿಕೊಳ್ಳಬೇಕು. ಅದಕ್ಕೂ ತಿಂಗಳುಗಳು ಹಿಡಿಯುತ್ತವೆ.

ಹೆಣ್ಣುಮಕ್ಕಳ ಅಪ್ಪಂದಿರಿಗೆ ಒಂದು ಮಾತು

"ಹುಡುಗಿಗೆ ಇದೆಲ್ಲಾ ಆಗುತ್ತಾ?" ಅಂತ ಕೇಳುವವರು ಈಗಲೂ ಸಿಗುತ್ತಾರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ನಮ್ಮ ಬೆಂಗಳೂರಿಗೇ ಬಂದಿಳಿದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ. ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್ವಾಲ್. ಮಹಿಳಾ ಪೈಲಟ್‌ಗಳ ಪ್ರಮಾಣದಲ್ಲಿ ಭಾರತ ಜಗತ್ತಿನಲ್ಲೇ ಮುಂದಿದೆ.

ನಮ್ಮ ಹುಡುಗಿ ಕೊನೆಗೆ ಏನು ಮಾಡಿದಳು ಅಂತ ಓದುಗರು ಕೇಳುತ್ತೀರಿ. ಊರಿನ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿದಳು. ಮೊದಲ ವರ್ಷ ಬರೀ ಕಾಲೇಜು. ಎರಡನೇ ವರ್ಷ ಕಂಪ್ಯೂಟರ್ ನಂಬರ್ ತೆಗೆಸಿ ಮೀಟಿಯರಾಲಜಿ, ರೆಗ್ಯುಲೇಷನ್ ಮುಗಿಸಿದಳು. ನ್ಯಾವಿಗೇಷನ್ ಮೊದಲ ಸಲ 66 ಬಂದು ಹೋಯಿತು, ಎರಡನೇ ಸಲ 81. ಈಗ ಕೊನೆಯ ವರ್ಷದಲ್ಲಿದ್ದಾಳೆ. ಎಎಫ್‌ಕ್ಯಾಟ್‌ಗೂ ಅರ್ಜಿ ಹಾಕಿದ್ದಾಳೆ, ಎರಡು ಫ್ಲೈಯಿಂಗ್ ಸ್ಕೂಲುಗಳ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಹೋದ ಭಾನುವಾರ ಇಬ್ಬರೂ ಕೂತು ಆ ಎರಡರಲ್ಲಿ ಒಂದನ್ನು ಹೊಡೆದುಹಾಕಿದೆವು. ಹೋದ ತಿಂಗಳು ಎಷ್ಟು ಗಂಟೆ ಹಾರಿಸಿದಿರಿ ಅನ್ನುವ ಪ್ರಶ್ನೆಗೆ ನಾವು ಮೂರು ಸಲ ಫೋನ್ ಮಾಡಿದರೂ ಅವರು ಉತ್ತರ ಕೊಟ್ಟಿರಲಿಲ್ಲ.